ಬಾಡಿಗೆ ಮುಗಿದ ದಿನದ ಲೆಕ್ಕ

ಲೆಕ್ಕಶಾಸ್ತ್ರದ ತರಗತಿಯಲ್ಲಿ ಹೊಣೆಗಾರಿಕೆಗೆ ಉದಾಹರಣೆ ಕೊಡಿ ಎಂದರೆ ಬ್ಯಾಂಕ್ ಸಾಲ, ಕ್ರೆಡಿಟರ್ಸ್, ಬಿಲ್ಸ್ ಪೇಯಬಲ್ ಎಂದು ಉತ್ತರ ಬರುತ್ತದೆ. ಇನ್ನೊಬ್ಬರು ನಂಬಿ ನಮ್ಮ ಬಳಿ ಇಟ್ಟುಹೋದ ಹಣವೂ ಹೊಣೆಗಾರಿಕೆಯೇ ಎಂಬುದು ಮಾತ್ರ ಬೇಗ ನೆನಪಾಗುವುದಿಲ್ಲ. ಅದಕ್ಕೆ ಒಳ್ಳೆಯ ಉದಾಹರಣೆ ಬಾಡಿಗೆ ಮನೆಯ ಠೇವಣಿ, ಅಂದರೆ ನಾವೆಲ್ಲ 'ಅಡ್ವಾನ್ಸ್' ಎನ್ನುವ ಹಣ. ಬಾಡಿಗೆದಾರ ಮನೆ ಖಾಲಿ ಮಾಡುವ ದಿನ ಆ ಹಣದ ಲೆಕ್ಕ ಹೇಗೆ ಮುಗಿಯಬೇಕು ಎಂಬುದೇ ಈ ಪಾಠ.

ಪಾಠಕ್ಕೆ ಇಂಗ್ಲೆಂಡಿನ ಪದ್ಧತಿಯನ್ನು ಆರಿಸಿಕೊಂಡಿದ್ದೇನೆ. ಉಪನ್ಯಾಸಕನಾಗುವ ಮೊದಲು ನಾನು ಎರಡು ವರ್ಷ ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತು ಅಲ್ಲಿನ ಬಾಡಿಗೆ ಏಜೆನ್ಸಿಗಳ ಲೆಕ್ಕಪತ್ರ ನೋಡುತ್ತಿದ್ದೆ. ಮನೆ, ಮಾಲೀಕ, ಬಾಡಿಗೆದಾರ ಎಲ್ಲ ಅಲ್ಲಿ. ಸಾಫ್ಟ್‌ವೇರ್‌ನಲ್ಲಿ ಖಾತೆ ನೋಡುವವರು ಇಲ್ಲಿ. ನಮ್ಮ ಕಾಲೇಜಿನಿಂದ ಬಿ.ಕಾಂ. ಮಾಡಿ ಹೋದ ಹಲವರು ಇಂತಹ ಕೆಲಸಕ್ಕೆ ಸೇರುತ್ತಾರೆ. ಹಾಗಾಗಿ ಈ ವಿಷಯ ನಿಮಗೂ ದೂರದ್ದಲ್ಲ.

ಮೂವರ ಹಣ, ಒಂದು ಬ್ಯಾಂಕ್ ಖಾತೆ

ಬಾಡಿಗೆ ಏಜೆನ್ಸಿ ಎಂದರೆ ಮಾಲೀಕನ ಪರವಾಗಿ ಬಾಡಿಗೆದಾರನನ್ನು ಹುಡುಕಿ, ಬಾಡಿಗೆ ವಸೂಲಿ ಮಾಡಿ, ರಿಪೇರಿ ಮಾಡಿಸಿ, ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಮಾಲೀಕನಿಗೆ ಕೊಡುವ ಸಂಸ್ಥೆ. ನಮ್ಮಲ್ಲಿಯ ಬ್ರೋಕರ್ ಮನೆ ತೋರಿಸಿ, ಕಮಿಷನ್ ಪಡೆದು ಹೊರಟುಹೋಗುತ್ತಾನೆ. ಅಲ್ಲಿನ ಏಜೆನ್ಸಿ ಕೀಲಿ ಕೊಟ್ಟ ದಿನದಿಂದ ಕೀಲಿ ವಾಪಸ್ ಬರುವ ದಿನದವರೆಗೂ ಜೊತೆಗಿರುತ್ತದೆ.

ಏಜೆನ್ಸಿಯ ಬ್ಯಾಂಕ್ ಖಾತೆಗೆ ಬರುವ ಹಣದಲ್ಲಿ ಮೂವರ ಪಾಲಿದೆ. ಠೇವಣಿ ಬಾಡಿಗೆದಾರನದು. ಬಾಡಿಗೆ ಮಾಲೀಕನದು. ಕಮಿಷನ್ ಮಾತ್ರ ಏಜೆನ್ಸಿಯದು. ಆದ್ದರಿಂದ ಗ್ರಾಹಕರ ಹಣವನ್ನು ಏಜೆನ್ಸಿಯ ಸ್ವಂತ ಹಣದೊಂದಿಗೆ ಬೆರೆಸದೆ 'ಕ್ಲೈಂಟ್ ಅಕೌಂಟ್' ಎಂಬ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡುತ್ತಾರೆ. ಗ್ರಾಹಕರ ಹಣ ಇಟ್ಟುಕೊಳ್ಳುವ ಏಜೆನ್ಸಿ ಆ ಹಣಕ್ಕೆ ರಕ್ಷಣೆ ಒದಗಿಸುವ ಯೋಜನೆಯೊಂದರ ಸದಸ್ಯನಾಗಿರಬೇಕು ಎಂಬ ನಿಯಮ ಇಂಗ್ಲೆಂಡಿನಲ್ಲಿ 2019ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ.

ಬ್ಯಾಂಕ್ ಖಾತೆ ಒಂದೇ ಆದರೂ ಸಾಫ್ಟ್‌ವೇರ್‌ನ ಒಳಗೆ ಪ್ರತಿಯೊಬ್ಬ ಬಾಡಿಗೆದಾರನಿಗೆ, ಪ್ರತಿಯೊಬ್ಬ ಮಾಲೀಕನಿಗೆ, ಪ್ರತಿಯೊಂದು ಠೇವಣಿಗೆ ಬೇರೆ ಬೇರೆ ಲೆಡ್ಜರ್ ಇರುತ್ತದೆ. ಎಲ್ಲ ಲೆಡ್ಜರ್‌ಗಳ ಶಿಲ್ಕಿನ ಮೊತ್ತ ಬ್ಯಾಂಕ್ ಶಿಲ್ಕಿಗೆ ಸರಿಹೊಂದಬೇಕು. ಪ್ರಥಮ ಪಿಯುಸಿಯಲ್ಲಿ ಬೇಸರದಿಂದ ಮಾಡುವ ಬಿ.ಆರ್.ಎಸ್. ಅಲ್ಲಿ ಬೆಳಿಗ್ಗೆ ಎದ್ದು ಮಾಡುವ ಮೊದಲ ಕೆಲಸ. ಹತ್ತು ಪೌಂಡ್ ವ್ಯತ್ಯಾಸ ಬಂದರೂ ಅದು ಯಾರದೋ ಹಣ.

ಠೇವಣಿಗೆ ಕಾನೂನು ಹಾಕಿದ ಬೇಲಿ

ಮಾಲೀಕರು ಠೇವಣಿ ಹಿಂದಿರುಗಿಸದೆ ಸತಾಯಿಸುವುದು ಅಲ್ಲಿಯೂ ಇತ್ತು. ಅದಕ್ಕಾಗಿ 2004ರ ಹೌಸಿಂಗ್ ಆಕ್ಟ್‌ನಲ್ಲಿ ಠೇವಣಿ ರಕ್ಷಣೆಯ ನಿಯಮ ತಂದು 2007ರ ಏಪ್ರಿಲ್ 6ರಿಂದ ಜಾರಿ ಮಾಡಿದರು. ಠೇವಣಿ ಪಡೆದ 30 ದಿನಗಳೊಳಗೆ ಸರ್ಕಾರ ಒಪ್ಪಿದ ಮೂರು ಯೋಜನೆಗಳಲ್ಲಿ ಒಂದರಲ್ಲಿ ಅದನ್ನು ದಾಖಲಿಸಿ, ಆ ವಿವರವನ್ನು ಬಾಡಿಗೆದಾರನಿಗೆ ಲಿಖಿತವಾಗಿ ಕೊಡಬೇಕು. ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್ ಇವೇ ಆ ಮೂರು. ದಾಖಲಿಸದಿದ್ದರೆ ನ್ಯಾಯಾಲಯ ಠೇವಣಿಯ ಒಂದರಿಂದ ಮೂರು ಪಟ್ಟು ಹಣವನ್ನು ಬಾಡಿಗೆದಾರನಿಗೆ ಕೊಡಿಸಬಹುದು.

ಠೇವಣಿ ಇಡುವುದರಲ್ಲಿ ಎರಡು ವಿಧ. ಒಂದರಲ್ಲಿ ಹಣವನ್ನೇ ಯೋಜನೆಯ ಕೈಗೆ ಒಪ್ಪಿಸುತ್ತಾರೆ. ಇನ್ನೊಂದರಲ್ಲಿ ಹಣ ಏಜೆನ್ಸಿಯ ಬಳಿಯೇ ಇರುತ್ತದೆ, ಯೋಜನೆ ಅದಕ್ಕೆ ವಿಮೆ ಕೊಡುತ್ತದೆ. 2019ರ ಟೆನೆಂಟ್ ಫೀಸ್ ಆಕ್ಟ್ ಇನ್ನೊಂದು ಮಿತಿ ಹಾಕಿತು: ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಠೇವಣಿ ಐದು ವಾರಗಳ ಬಾಡಿಗೆಯನ್ನು ಮೀರುವಂತಿಲ್ಲ.

ಈಗ ಒಂದು ಲೆಕ್ಕ ತೆಗೆದುಕೊಳ್ಳೋಣ. ತಿಂಗಳ ಬಾಡಿಗೆ 1,040 ಪೌಂಡ್. ವರ್ಷಕ್ಕೆ 12,480. ಅದನ್ನು 52ರಿಂದ ಭಾಗಿಸಿದರೆ ವಾರಕ್ಕೆ 240. ಐದು ವಾರಕ್ಕೆ 1,200. ಠೇವಣಿ 1,200 ಪೌಂಡ್, ಅದು ಏಜೆನ್ಸಿಯ ಬಳಿ ವಿಮೆಯ ಅಡಿಯಲ್ಲಿದೆ ಎಂದುಕೊಳ್ಳಿ. ಕೊನೆಯವರೆಗೂ ಇದೇ ಅಂಕಿಯನ್ನು ಹಿಡಿದು ಹೋಗೋಣ.

ನೋಟಿಸ್ ಬಂದ ದಿನ

ಬಾಡಿಗೆದಾರ ಮನೆ ಬಿಡುತ್ತೇನೆಂದು ಬರೆದು ತಿಳಿಸಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಸಾಫ್ಟ್‌ವೇರ್‌ನಲ್ಲಿ ಕೊನೆಯ ದಿನಾಂಕ ದಾಖಲಿಸುವುದು. ಇದೊಂದು ಸಣ್ಣ ಚೌಕ. ಆದರೆ ಮುಂದಿನ ಎಲ್ಲವೂ ಅದರ ಮೇಲೆ ನಿಂತಿದೆ. ಸಾಫ್ಟ್‌ವೇರ್ ಪ್ರತಿ ತಿಂಗಳು 1ನೇ ತಾರೀಕಿಗೆ ಬಾಡಿಗೆಯ ಬೇಡಿಕೆಯನ್ನು ತಾನಾಗಿಯೇ ಹಾಕುತ್ತದೆ. ಕೊನೆಯ ದಿನಾಂಕ ಕೊಡದಿದ್ದರೆ ಮನೆ ಬಿಟ್ಟುಹೋದವನ ಹೆಸರಿಗೂ ಬಾಡಿಗೆ ಬಾಕಿ ಏರುತ್ತಾ ಹೋಗುತ್ತದೆ, ಬಾಕಿ ಪತ್ರವೂ ಹೋಗುತ್ತದೆ. ಯಂತ್ರಕ್ಕೆ ಮನೆ ಖಾಲಿಯಾದದ್ದು ಕಾಣುವುದಿಲ್ಲ, ದಿನಾಂಕ ಮಾತ್ರ ಕಾಣುತ್ತದೆ.

ದಿನಾಂಕ ಕೊಟ್ಟೊಡನೆ ಸಾಫ್ಟ್‌ವೇರ್ ಕೆಲಸಗಳ ಪಟ್ಟಿಯನ್ನು ತಯಾರಿಸುತ್ತದೆ. ಮಾಲೀಕನಿಗೆ ತಿಳಿಸುವುದು, ಮನೆ ಪರಿಶೀಲನೆಗೆ ದಿನ ಗೊತ್ತುಮಾಡುವುದು, ಬಾಡಿಗೆದಾರನಿಂದ ಹೊಸ ವಿಳಾಸ ಮತ್ತು ಬ್ಯಾಂಕ್ ವಿವರ ಕೇಳುವುದು, ಕೀಲಿಗಳ ಎಣಿಕೆ, ವಿದ್ಯುತ್, ಗ್ಯಾಸ್, ನೀರಿನ ಮೀಟರ್ ಓದಿ ಆಯಾ ಕಂಪನಿಗೆ ತಿಳಿಸುವುದು, ಕೌನ್ಸಿಲ್ ತೆರಿಗೆಗಾಗಿ ಸ್ಥಳೀಯ ಆಡಳಿತಕ್ಕೆ ತಿಳಿಸುವುದು. ಪ್ರತಿಯೊಂದಕ್ಕೂ ಗಡುವು, ಮಾಡುವವರ ಹೆಸರು, ಮಾಡಿದ ಸಮಯ ದಾಖಲಾಗುತ್ತವೆ.

ಗಣಕ ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ವಿಷಯ ಗಮನಿಸಬೇಕು. ಈ ನಿಯಮಗಳು ಶಾಶ್ವತವಲ್ಲ. ಇಂಗ್ಲೆಂಡಿನಲ್ಲಿ ಕಾರಣ ಹೇಳದೆಯೇ ಬಾಡಿಗೆದಾರನನ್ನು ಬಿಡಿಸುವ 'ಸೆಕ್ಷನ್ 21' ಎಂಬ ನೋಟಿಸ್ ದಶಕಗಳ ಕಾಲ ಬಳಕೆಯಲ್ಲಿತ್ತು. 2025ರ ಅಕ್ಟೋಬರ್ 27ರಂದು ಅಂಗೀಕಾರ ಪಡೆದ ರೆಂಟರ್ಸ್ ರೈಟ್ಸ್ ಆಕ್ಟ್ ಅದನ್ನು ರದ್ದುಪಡಿಸಿತು. ಖಾಸಗಿ ಬಾಡಿಗೆ ಮನೆಗಳಿಗೆ ಜಾರಿಯ ದಿನ 2026ರ ಮೇ 1. ಇನ್ನು ಮಾಲೀಕ ಕಾನೂನು ಒಪ್ಪುವ ಕಾರಣ ಕೊಡಬೇಕು. ಬಾಡಿಗೆದಾರ ಎರಡು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಕಾನೂನಿನ ಒಂದು ಸಾಲು ಬದಲಾದರೆ ಸಾಫ್ಟ್‌ವೇರ್‌ನ ಪತ್ರಗಳ ನಮೂನೆ, ಗಡುವಿನ ಲೆಕ್ಕ, ಎಚ್ಚರಿಕೆಯ ಸಂದೇಶ ಎಲ್ಲ ಬದಲಾಗಬೇಕು. ಕೋಡ್ ಬರೆಯುವವನೂ ಕಾನೂನು ಓದಬೇಕು ಎನ್ನುವುದು ಇದಕ್ಕೇ.

ಕೊನೆಯ ತಿಂಗಳ ಬಾಡಿಗೆ

ನಮ್ಮ ಉದಾಹರಣೆಯ ಬಾಡಿಗೆದಾರ 1ನೇ ತಾರೀಕಿಗೆ 1,040 ಪೌಂಡ್ ಪೂರ್ತಿ ಕಟ್ಟಿದ್ದಾನೆ. ಇಬ್ಬರ ಒಪ್ಪಿಗೆಯಿಂದ ಬಾಡಿಗೆ ಅದೇ ತಿಂಗಳ 18ರಂದು ಮುಗಿಯುತ್ತದೆ. ದಿನದ ಬಾಡಿಗೆ ಎಷ್ಟು?

ತಿಂಗಳ ಬಾಡಿಗೆಯನ್ನು 30ರಿಂದ ಭಾಗಿಸಿದರೆ ಫೆಬ್ರವರಿಗೂ ಆಗಸ್ಟ್‌ಗೂ ಹೊಂದುವುದಿಲ್ಲ. ಆದ್ದರಿಂದ ವರ್ಷದ ಬಾಡಿಗೆಯನ್ನು 365ರಿಂದ ಭಾಗಿಸುವ ರೂಢಿ ಇದೆ. 12,480 ಭಾಗಿಸು 365 ಎಂದರೆ 34.1918. ಅದನ್ನು 18 ದಿನಕ್ಕೆ ಗುಣಿಸಿದರೆ 615.45. ಕಟ್ಟಿದ್ದು 1,040. ಹಿಂದಿರುಗಿಸಬೇಕಾದದ್ದು 424.55 ಪೌಂಡ್. ಮೊದಲೇ 34.19 ಎಂದು ಮೊಟಕು ಮಾಡಿ ಗುಣಿಸಿದರೆ 615.42 ಬರುತ್ತದೆ. ಮೂರು ಪೆನ್ನಿಯ ವ್ಯತ್ಯಾಸ. ಸುತ್ತಿನ ಅಂಕಿಗೆ ತರುವುದು ಯಾವಾಗಲೂ ಕೊನೆಯ ಹೆಜ್ಜೆಯಲ್ಲಿ.

ಲೆಕ್ಕ ಸುಲಭ, ಹಣ ಸಿಗುವುದು ಕಷ್ಟ. ಏಕೆಂದರೆ ಬಾಡಿಗೆ ಬಂದ ಕೆಲವೇ ದಿನಗಳಲ್ಲಿ ಕಮಿಷನ್ ಕಳೆದು ಉಳಿದದ್ದನ್ನು ಮಾಲೀಕನಿಗೆ ಕಳಿಸುವುದು ವಾಡಿಕೆ. ಹಾಗೆ ಕಳಿಸಿಬಿಟ್ಟರೆ ಬಾಡಿಗೆದಾರನ 424.55 ಪೌಂಡ್ ಮಾಲೀಕನ ಕೈಯಲ್ಲಿರುತ್ತದೆ, ವಾಪಸ್ ಕೇಳುತ್ತಾ ಕೂರಬೇಕು. ಆದ್ದರಿಂದ ನೋಟಿಸ್ ಬಂದ ಮೇಲೆ ಮಾಲೀಕನ ಖಾತೆಯಲ್ಲಿ 'ಇಷ್ಟು ಹಣ ತಡೆಹಿಡಿ' ಎಂದು ಮೊತ್ತ ನಮೂದಿಸುತ್ತಾರೆ. ತಡವಾಗಿ ಬರುವ ಪ್ಲಂಬರ್ ಬಿಲ್ಲಿಗೂ ಅದೇ ಹಣ ಆಸರೆ. ಬಾಡಿಗೆ ಕಡಿಮೆಯಾದಾಗ ಅದರ ಮೇಲೆ ಏಜೆನ್ಸಿ ಹಿಡಿದ ಕಮಿಷನ್ ಕೂಡ ಅದೇ ಪ್ರಮಾಣದಲ್ಲಿ ಇಳಿಯಬೇಕು.

ಅಂದಿನ ಮನೆ, ಇಂದಿನ ಮನೆ

ಈಗ ಠೇವಣಿಯ ಪ್ರಶ್ನೆ. ಬಾಡಿಗೆದಾರ ಮನೆಗೆ ಬಂದ ದಿನ 'ಇನ್ವೆಂಟರಿ' ಎಂಬ ವರದಿ ಮಾಡಿರುತ್ತಾರೆ: ಪ್ರತಿ ಕೋಣೆಯ ಗೋಡೆ, ನೆಲ, ಕಿಟಕಿ, ಒಲೆ, ನಲ್ಲಿ, ಅವುಗಳ ಸ್ಥಿತಿ, ದಿನಾಂಕವಿರುವ ಫೋಟೊ, ಬಾಡಿಗೆದಾರನ ಸಹಿ. ಹೊರಡುವ ದಿನ ಅದೇ ಕ್ರಮದಲ್ಲಿ 'ಚೆಕ್-ಔಟ್' ವರದಿ. ಸಾಫ್ಟ್‌ವೇರ್ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ತೋರಿಸುತ್ತದೆ. ವ್ಯತ್ಯಾಸ ಎಲ್ಲಿದೆಯೋ ಅಲ್ಲಿ ಮಾತ್ರ ಚರ್ಚೆ.

ಎರಡು ವರ್ಷ ಇಂತಹ ಫೈಲುಗಳನ್ನು ನೋಡಿ ನಾನು ಕಲಿತದ್ದು ಇದು: ಜಗಳ ಕೊನೆಯ ದಿನದ್ದಾದರೂ ಅದರ ತೀರ್ಪು ಮೊದಲ ದಿನವೇ ಬರೆದಾಗಿರುತ್ತದೆ. ಮೊದಲ ದಿನದ ವರದಿ ದಪ್ಪವಾಗಿದ್ದ ಫೈಲುಗಳು ನಾಲ್ಕು ಇಮೇಲ್‌ಗಳಲ್ಲಿ ಮುಗಿಯುತ್ತಿದ್ದವು. 'ಮನೆ ಚೆನ್ನಾಗಿದೆ' ಎಂಬ ಒಂದೇ ಸಾಲಿನ ವರದಿ ಇದ್ದವು ತಿಂಗಳುಗಟ್ಟಲೆ ಎಳೆಯುತ್ತಿದ್ದವು. ಸಾಫ್ಟ್‌ವೇರ್ ಎರಡಕ್ಕೂ ಒಂದೇ. ಅದು ಬರೆದದ್ದನ್ನು ಕಾಯುತ್ತದೆ, ಬರೆಯದ್ದನ್ನು ಹುಟ್ಟಿಸುವುದಿಲ್ಲ.

ವ್ಯತ್ಯಾಸ ಕಂಡುಬಂದ ಮಾತ್ರಕ್ಕೆ ಹಣ ಕಡಿತ ಮಾಡುವಂತಿಲ್ಲ. ಜನ ವಾಸಿಸಿದ ಮನೆ ಸ್ವಲ್ಪ ಸವೆಯುತ್ತದೆ. ಬಾಗಿಲ ಬಳಿ ನೆಲಹಾಸು ತೆಳುವಾಗುವುದು, ಬಿಸಿಲಿಗೆ ಪರದೆ ಮಾಸುವುದು, ಗೋಡೆಯ ಬಣ್ಣ ಮಂಕಾಗುವುದು ಸಹಜ ಸವೆತ. ಅದಕ್ಕೆ ಬಾಡಿಗೆದಾರ ಹೊಣೆಯಲ್ಲ. ಆ ಸವೆತದ ಬೆಲೆಯನ್ನೇ ಬಾಡಿಗೆಯಲ್ಲಿ ಕೊಟ್ಟಿರುತ್ತಾನೆ. ಇಸ್ತ್ರಿಪೆಟ್ಟಿಗೆಯಿಂದ ಸುಟ್ಟ ಗುರುತು ಹಾನಿ. ಅದಕ್ಕೆ ಅವನು ಹೊಣೆ.

ಇಲ್ಲಿ ಸವಕಳಿ ಕೆಲಸಕ್ಕೆ ಬರುತ್ತದೆ

ನಮ್ಮ ಉದಾಹರಣೆಯಲ್ಲಿ ಎರಡು ವಿಷಯ ಸಿಕ್ಕವು. ಒಂದು, ಅಡುಗೆಮನೆ ಸ್ವಚ್ಛಗೊಳಿಸದೆ ಬಿಟ್ಟದ್ದು. ಶುಚಿಗೊಳಿಸಿದ ಬಿಲ್ 90 ಪೌಂಡ್. ಎರಡು, ಕೋಣೆಯ ನೆಲಹಾಸಿನ ಮೇಲೆ ದೊಡ್ಡ ಸುಟ್ಟ ಗುರುತು, ಬದಲಾಯಿಸಲೇಬೇಕು. ಹೊಸ ನೆಲಹಾಸಿನ ಬೆಲೆ 400 ಪೌಂಡ್. ಮಾಲೀಕ ಕೇಳುವುದು ಪೂರ್ತಿ 400.

ಆದರೆ ಹಾಳಾದದ್ದು ಹೊಸ ನೆಲಹಾಸಲ್ಲ. ಅಂತಹದರ ಬಾಳಿಕೆ 8 ವರ್ಷ ಎಂದು ಇಟ್ಟುಕೊಳ್ಳಿ. ಬಾಡಿಗೆದಾರ ಬಂದಾಗ ಅದಕ್ಕೆ 2 ವರ್ಷವಾಗಿತ್ತು, ಅವನು 3 ವರ್ಷ ಇದ್ದ. ಒಟ್ಟು 5 ವರ್ಷ ಕಳೆಯಿತು. ಉಳಿದ ಆಯುಷ್ಯ 3 ವರ್ಷ. ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷದ ಸವಕಳಿ 400 ಭಾಗಿಸು 8, ಅಂದರೆ 50. ಉಳಿದ ಮೂರು ವರ್ಷದ ಬೆಲೆ 150. ಮಾಲೀಕನಿಗೆ ನ್ಯಾಯವಾಗಿ ಸಲ್ಲುವುದು 150 ಪೌಂಡ್ ಮಾತ್ರ. ಹಳೆಯದು ಹಾಳಾದದ್ದಕ್ಕೆ ಹೊಸದನ್ನು ಗಳಿಸುವಂತಿಲ್ಲ ಎಂಬುದು ಅಲ್ಲಿನ ತತ್ವ.

ಇದೇ ಸೂತ್ರ ಬಣ್ಣಕ್ಕೂ ಅನ್ವಯಿಸುತ್ತದೆ. ಆರು ವರ್ಷ ವಾಸವಿದ್ದ ಕುಟುಂಬವೊಂದು ಮನೆ ಬಿಟ್ಟಾಗ ಮಾಲೀಕರು ಇಡೀ ಮನೆಗೆ ಬಣ್ಣ ಬಳಿಸಿದ ಬಿಲ್ ಕಳಿಸಿದ್ದ ಫೈಲ್ ನನ್ನ ಮೇಜಿಗೆ ಬಂದಿತ್ತು. ಹಿಂದಿನ ಬಣ್ಣ ಆ ಕುಟುಂಬ ಬರುವ ಮೊದಲಿನದು ಎಂದು ದಾಖಲೆ ಹೇಳುತ್ತಿತ್ತು. ಅಷ್ಟು ಹಳೆಯ ಬಣ್ಣಕ್ಕೆ ಉಳಿದ ಬೆಲೆ ಎಷ್ಟು? ಸೊನ್ನೆ. ಮಾಲೀಕರಿಗೆ ಲೆಕ್ಕದ ಹಾಳೆ ಕಳಿಸಿದೆವು, ಅವರು ಒಪ್ಪಿದರು. ಠೇವಣಿ ಪೂರ್ತಿ ಕುಟುಂಬಕ್ಕೆ ಹೋಯಿತು.

ತಕರಾರು ಬಂದರೆ

ಬಾಡಿಗೆದಾರ 90ಕ್ಕೆ ಒಪ್ಪಿದ, 150ಕ್ಕೆ ಒಪ್ಪಲಿಲ್ಲ ಎನ್ನಿ. ಆಗ 1,200 ಪೌಂಡ್ ಪೂರ್ತಿ ತಡೆಹಿಡಿಯುವುದು ಅನ್ಯಾಯ. ವಿವಾದವಿರುವುದು 150ಕ್ಕೆ ಮಾತ್ರ. ಜಮಾ-ಖರ್ಚು ಹೀಗೆ:

ಠೇವಣಿ ಖಾತೆ ಡೆಬಿಟ್ 1,200
ಬಾಡಿಗೆದಾರನಿಗೆ ಪಾವತಿ, ಕ್ರೆಡಿಟ್ 960
ಮಾಲೀಕನ ಖಾತೆ, ಕ್ರೆಡಿಟ್ 90
ಠೇವಣಿ ಯೋಜನೆಗೆ ಒಪ್ಪಿಸಿದ್ದು, ಕ್ರೆಡಿಟ್ 150

ಯಾವ ಮೊತ್ತಕ್ಕೆ ಇಬ್ಬರೂ ಒಪ್ಪಿದ್ದಾರೋ ಅದನ್ನು 10 ದಿನಗಳೊಳಗೆ ಕೊಡಬೇಕು. ವಿವಾದದ 150 ಪೌಂಡ್ ಯೋಜನೆಯ ಬಳಿ ಇರುತ್ತದೆ. ಅಲ್ಲಿನ ಸ್ವತಂತ್ರ ತೀರ್ಪುಗಾರ ಎರಡೂ ಕಡೆಯ ದಾಖಲೆ ಓದಿ ನಿರ್ಧರಿಸುತ್ತಾನೆ. ಇದಕ್ಕೆ ಶುಲ್ಕವಿಲ್ಲ. ಅವನು ಮನೆ ನೋಡಲು ಬರುವುದಿಲ್ಲ. ಠೇವಣಿ ಬಾಡಿಗೆದಾರನದೇ ಎಂಬಲ್ಲಿಂದ ಅವನು ಆರಂಭಿಸುತ್ತಾನೆ. ಕಡಿತ ಏಕೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಬಂದ ದಿನದ ವರದಿ, ಹೋದ ದಿನದ ವರದಿ, ಬಿಲ್: ಇವು ಮೂರೂ ಇದ್ದರೆ 150 ಮಾಲೀಕನಿಗೆ ಸಿಗಬಹುದು. ಬಂದ ದಿನದ ವರದಿ ಇಲ್ಲದಿದ್ದರೆ ಗುರುತು ಮೊದಲೇ ಇತ್ತೋ ಏನೋ ಎಂಬ ಅನುಮಾನದ ಲಾಭ ಬಾಡಿಗೆದಾರನಿಗೆ.

ಹಾಗೆ ಬಾಡಿಗೆದಾರನ ಕೈಗೆ ಮೊದಲೇ ಸೇರುವುದು ಠೇವಣಿಯ 960 ಮತ್ತು ಬಾಡಿಗೆಯ 424.55, ಒಟ್ಟು 1,384.55 ಪೌಂಡ್. ಆದರೆ ಇವು ಎರಡು ಬೇರೆ ಲೆಡ್ಜರ್‌ಗಳಿಂದ ಹೋಗಬೇಕು. ಒಟ್ಟಿಗೆ ಸೇರಿಸಿ ಠೇವಣಿಯಿಂದಲೇ ಕೊಟ್ಟರೆ ಒಂದು ಖಾತೆ ಕೊರತೆಯಲ್ಲಿ, ಇನ್ನೊಂದು ಹೆಚ್ಚುವರಿಯಲ್ಲಿ ನಿಲ್ಲುತ್ತದೆ.

ಮುಚ್ಚುವುದು ಬೇರೆ, ಅಳಿಸುವುದು ಬೇರೆ

ಠೇವಣಿ ಲೆಡ್ಜರ್ ಸೊನ್ನೆ, ಬಾಡಿಗೆ ಲೆಡ್ಜರ್ ಸೊನ್ನೆ, ಬಾಕಿ ರಿಪೇರಿ ಬಿಲ್ ಇಲ್ಲ, ಕೀಲಿ ಎಲ್ಲ ಬಂದಿವೆ, ಠೇವಣಿ ಯೋಜನೆಯಲ್ಲೂ ದಾಖಲೆ ಮುಗಿಸಿದೆ. ಇಷ್ಟಾದ ಮೇಲೆಯೇ ಫೈಲಿನ ಸ್ಥಿತಿಯನ್ನು 'ಮುಗಿದಿದೆ' ಎಂದು ಬದಲಿಸಬೇಕು. ಹಾಗೆ ಬದಲಿಸಿದರೂ ದಾಖಲೆ ಅಳಿಯುವುದಿಲ್ಲ. ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ಯಾವ ದಿನ, ಯಾರು, ಏನು ಬದಲಿಸಿದರು ಎಂಬುದು ಸಿಗಬೇಕು. ತಪ್ಪು ನಮೂದನ್ನು ಅಳಿಸದೆ ಎದುರು ನಮೂದಿನಿಂದ ಸರಿಪಡಿಸಿ ಎಂದು ನಿಮಗೆ ತರಗತಿಯಲ್ಲಿ ಹೇಳುವುದು ಇದೇ ಕಾರಣಕ್ಕೆ.

ಅಮಾನತ್

ಇದು ಬರೀ ಕಚೇರಿಯ ಶಿಸ್ತಲ್ಲ. ಮನೆ ಬದಲಿಸುವ ಕುಟುಂಬ ಹೊಸ ಮನೆಯ ಠೇವಣಿ ಕಟ್ಟುವುದು ಹಳೆಯ ಠೇವಣಿ ಬರುತ್ತದೆಂಬ ನಂಬಿಕೆಯ ಮೇಲೆ. ಇಲ್ಲಿ ಒಬ್ಬ ಗುಮಾಸ್ತ ಒಂದು ಬಟನ್ ಒತ್ತಲು ಹತ್ತು ದಿನ ತಡ ಮಾಡಿದರೆ ಅಲ್ಲಿ ಒಬ್ಬ ತಂದೆ ಹತ್ತು ದಿನಕ್ಕೆ ಸಾಲ ಮಾಡುತ್ತಾನೆ.

ನಮ್ಮ ಮನೆಗಳಲ್ಲಿ ಇದಕ್ಕೆ ಹಳೆಯ ಪದವಿದೆ: ಅಮಾನತ್. ಇನ್ನೊಬ್ಬರು ನಂಬಿ ಒಪ್ಪಿಸಿದ್ದು. ಪ್ರವಾದಿ ಮುಹಮ್ಮದ್(ಸ)ರನ್ನು ಮಕ್ಕಾದ ಜನ ಪ್ರವಾದಿತ್ವಕ್ಕೂ ಮೊದಲೇ ಅಲ್ ಅಮೀನ್ ಎಂದು ಕರೆಯುತ್ತಿದ್ದರು. ವಿರೋಧಿಸಿದವರು ಕೂಡ ತಮ್ಮ ಬೆಲೆಬಾಳುವ ವಸ್ತುಗಳನ್ನು ಅವರ ಬಳಿಯೇ ಇಡುತ್ತಿದ್ದರು. ಪ್ರಾಣಕ್ಕೆ ಅಪಾಯವಿದ್ದ ಹಿಜ್ರತ್‌ನ ಸಮಯದಲ್ಲಿ ಆ ಅಮಾನತ್‌ಗಳನ್ನು ಒಡೆಯರಿಗೆ ಹಿಂದಿರುಗಿಸಲು ಹಝ್ರತ್ ಅಲಿ(ರ)ಯವರನ್ನು ಮಕ್ಕಾದಲ್ಲಿ ಉಳಿಸಿ ಹೋದರೆಂದು ಪ್ರವಾದಿ ಚರಿತ್ರೆ ತಿಳಿಸುತ್ತದೆ. ಊರು ಬಿಡುವ ದಿನದ ಲೆಕ್ಕ ಮುಗಿಸುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರಃ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಮತ್ತು ಸಾಕ್ಷಿ ಇಡುವ ಕುರಿತಾದದ್ದು. ಬರೆದಿಡುವುದು ಅಪನಂಬಿಕೆಯಲ್ಲ, ನಂಬಿಕೆಯನ್ನು ಕಾಯುವ ದಾರಿ.

ನಾಳೆ ನೀವು ಬಾಡಿಗೆಗೆ ಹೋದಾಗ

ಪಿಯುಸಿ ಮುಗಿಸಿ ನಿಮ್ಮಲ್ಲಿ ಹಲವರು ಬೇರೆ ಊರಿಗೆ ಹೋಗಿ ಸ್ನೇಹಿತರೊಂದಿಗೆ ರೂಮ್ ಹಿಡಿಯುತ್ತೀರಿ. ನಮ್ಮಲ್ಲಿ ಸಾಮಾನ್ಯವಾಗಿ 11 ತಿಂಗಳ ಕರಾರು ಮಾಡುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ ಎಂಬುದು ಅದರ ಹಿನ್ನೆಲೆ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ವಾಡಿಕೆಯೂ ಇದೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಅದು ಅನ್ವಯವಾಗುವುದು ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡಾಗ.

ಸಾಫ್ಟ್‌ವೇರ್ ಇಲ್ಲದಿದ್ದರೂ ಮೊಬೈಲ್ ಇದೆ. ರೂಮಿಗೆ ಸಾಮಾನು ಇಡುವ ಮೊದಲು ಗೋಡೆ, ನಲ್ಲಿ, ಕಿಟಕಿ, ಮೀಟರ್‌ನ ಫೋಟೊ ತೆಗೆದು ಅದೇ ದಿನ ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿ. ಅಡ್ವಾನ್ಸ್ ಅನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಡಿ. ನಗದು ಕೊಟ್ಟರೆ ರಶೀದಿ ಕೇಳಿ. ಬಣ್ಣಕ್ಕೆ, ಸ್ವಚ್ಛತೆಗೆ ಎಷ್ಟು ಹಿಡಿಯುತ್ತಾರೆಂದು ಕರಾರಿಗೆ ಸಹಿ ಹಾಕುವ ಮೊದಲೇ ಓದಿ. ಬಿಡುವಾಗ ನೋಟಿಸನ್ನು ಬರೆದು ಕೊಡಿ. ಹಾಗೆಯೇ, ನಿಮ್ಮಿಂದ ಏನಾದರೂ ಹಾಳಾಗಿದ್ದರೆ ಅವರು ಕೇಳುವ ಮೊದಲೇ ಹೇಳಿ. ಮನೆಯೂ ನಿಮ್ಮ ಕೈಯಲ್ಲಿದ್ದ ಅಮಾನತ್ತೇ.

ಅಭ್ಯಾಸ

ತಿಂಗಳ ಬಾಡಿಗೆ 780 ಪೌಂಡ್. ಠೇವಣಿ ಐದು ವಾರದ ಬಾಡಿಗೆ. ಬಾಡಿಗೆದಾರ 1ನೇ ತಾರೀಕಿಗೆ ಪೂರ್ತಿ ಬಾಡಿಗೆ ಕಟ್ಟಿದ್ದು, ಒಪ್ಪಿಗೆಯಂತೆ 10ರಂದು ಬಾಡಿಗೆ ಮುಗಿದಿದೆ. ಅವನಿಂದ ಹರಿದ ಪರದೆಯ ಹೊಸ ಬೆಲೆ 240 ಪೌಂಡ್, ಬಾಳಿಕೆ 6 ವರ್ಷ, ಈಗ ಅದಕ್ಕೆ 4 ವರ್ಷ. ತಕರಾರಿಲ್ಲ. ಠೇವಣಿ ಎಷ್ಟಿತ್ತು? ಯಾವ ಲೆಡ್ಜರ್‌ನಿಂದ ಎಷ್ಟು ಹಿಂದಿರುಗಬೇಕು?

ಉತ್ತರ: ಠೇವಣಿ 900. ಪರದೆಯ ಉಳಿದ ಬೆಲೆ 80. ಠೇವಣಿಯಿಂದ 820, ಬಾಡಿಗೆಯಿಂದ 523.56, ಒಟ್ಟು 1,343.56 ಪೌಂಡ್. ಮೊದಲು ಮಾಡಿ, ಆಮೇಲೆ ಹೋಲಿಸಿ. ಪೆನ್ನಿಯ ವ್ಯತ್ಯಾಸ ಬಂದವರು ಎಲ್ಲಿ ಮೊಟಕು ಮಾಡಿದಿರಿ ಎಂದು ಹುಡುಕಿ.